ಯಂತ್ರದ ವ್ಯಾಕರಣ

‘ವೃದ್ಧರಿಗೆ ಮೊದಲ ಆದ್ಯತೆ’ ಎಂದು ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲಿ ಬರೆದಿದ್ದರೆ ನಮ್ಮ ಬೋಗಾದಿಯಲ್ಲಿ ಅದು ಯಾರಿಗೆ ತಾನೆ ಅರ್ಥವಾಗದು? ಆದರೆ ತರುಣನೊಬ್ಬನ ಅಕ್ಕಿ ಅರ್ಧ ತೂಗಿರುವಾಗ ವೃದ್ಧೆಯೊಬ್ಬಳು ಬಂದರೆ ತಕ್ಕಡಿಯನ್ನು ತೆರವು ಮಾಡಬೇಕೆ? ಇಬ್ಬರು ವೃದ್ಧರು ಒಟ್ಟಿಗೆ ಬಂದರೆ? ಫಲಕವು ಮೌನ. ಮನುಷ್ಯರು ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ. ಯಂತ್ರಕ್ಕೆ ಆ ದಾಕ್ಷಿಣ್ಯ ತಿಳಿಯದು.

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಎಂಬುದು ಇಂಥದೇ ಅಂಗಡಿಯ ಯಜಮಾನ. ಕಾದು ನಿಂತ ಹಲವು ಕೆಲಸಗಳಲ್ಲಿ ಸರದಿ ಯಾವುದರದೆಂದು ಅದು ಕ್ಷಣಕ್ಷಣಕ್ಕೂ ನಿರ್ಣಯಿಸಬೇಕು. 1997ರ ಜುಲೈ ತಿಂಗಳಲ್ಲಿ ಮಂಗಳಗ್ರಹದ ಮೇಲೆ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರು ನಡುನಡುವೆ ನಿಂತು ಮೊದಲಿನಿಂದ ಆರಂಭಗೊಳ್ಳತೊಡಗಿತು. ಹವಾಮಾನದ ಮಾಹಿತಿಯನ್ನು ಕೂಡಿಡುವ ಕಿರಿಯ ದರ್ಜೆಯ ಕೆಲಸವೊಂದು, ಎಲ್ಲರೂ ಬಳಸುವ ಸಾಧನದ ಬೀಗದಕೈ ಹಿಡಿದಿತ್ತು. ಹಿರಿಯ ಕೆಲಸ ಅದಕ್ಕಾಗಿ ಕಾದಿತ್ತು. ಅಷ್ಟರಲ್ಲಿ ನಡುದರ್ಜೆಯ ಕೆಲಸ ಬಂದು ಕಿರಿಯದನ್ನು ಬದಿಗೆ ಸರಿಸಿತು; ಹಿರಿಯದೂ ಅಲ್ಲೇ ಸಿಕ್ಕಿಕೊಂಡಿತು. ‘ಹಿರಿಯರಿಗೆ ಮೊದಲು’ ಎಂಬ ನಿಯಮವನ್ನು ಯಾರೂ ಮುರಿದಿರಲಿಲ್ಲವೆಂಬುದೇ ಸೋಜಿಗ! ವಿಜ್ಞಾನಿಗಳು ಭೂಮಿಯಿಂದಲೇ ಆದೇಶ ಕಳುಹಿಸಿ ಅದನ್ನು ಸರಿಪಡಿಸಿದರು.

ಇಂಥ ತೊಡಕನ್ನು ಮೊದಲೇ ಕಾಣುವುದಕ್ಕೆ ಆಡುಮಾತು ಸಾಲದು. ಪೆಟ್ಟಿಗೆ, ಬಾಣಗಳ ಚಿತ್ರಭಾಷೆಯೂ ಸಾಲದು. ಚಿತ್ರ ಕಣ್ಣಿಗೆ ಹಿತ. ಆದರೆ ಬಾಣದ ಅರ್ಥ ಬರೆದವನಿಗೊಂದು, ನೋಡಿದವನಿಗೊಂದು ಆಗುವುದುಂಟು. ಆದುದರಿಂದಲೇ ಗಣಸಿದ್ಧಾಂತ, ತರ್ಕಗಳ ಆಧಾರದ ಮೇಲೆ ‘ಝಡ್’ ಮೊದಲಾದ ಭಾಷೆಗಳು ಹುಟ್ಟಿದವು. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಅಬ್ರಿಯಾಲ್ ಆರಂಭಿಸಿದ ಝಡ್, ಆಕ್ಸ್‌ಫರ್ಡಿನಲ್ಲಿ ಬೆಳೆಯಿತು. ಅದರಲ್ಲಿ ಕೆಲಸವನ್ನು ಹೇಗೆ ಮಾಡಬೇಕೆಂದು ಹೇಳುವುದಿಲ್ಲ; ಪ್ರತಿಯೊಂದು ಕ್ರಿಯೆಗೆ ಮುನ್ನ ಯಾವುದು ನಿಜವಾಗಿರಬೇಕು, ಅನಂತರ ಯಾವುದು ನಿಜವಾಗಿರಬೇಕು ಎಂದಷ್ಟೇ ಹೇಳುತ್ತಾರೆ.

ನಮ್ಮವರ ಕೆಲಸವೊಂದನ್ನು ಇಲ್ಲಿ ನೆನೆಯಬೇಕು. ಪುಟ್ಟ ಉಪಕರಣಗಳಲ್ಲಿ ಬಳಕೆಯಲ್ಲಿರುವ ‘ಫ್ರೀ ಆರ್‌ಟಿಒಎಸ್’ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಸರದಿ ಹಂಚುವ ಭಾಗಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜ ಮತ್ತು ಸಂಗಡಿಗರು ಝಡ್ ಭಾಷೆಯಲ್ಲಿ ಲಕ್ಷಣ ಬರೆದರು. ಬಳಿಕ ನಿಜವಾದ ಪ್ರೋಗ್ರಾಮು ಆ ಲಕ್ಷಣಕ್ಕೆ ಒಪ್ಪುವುದೆ ಎಂಬುದನ್ನು ಯಂತ್ರದ ನೆರವಿನಿಂದ ಸಾಧಿಸಿದರು. 2015ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ, ಹಾದಿಯಲ್ಲಿ ಸಿಕ್ಕ ದೋಷಗಳೂ ಅವುಗಳ ತಿದ್ದುಪಡಿಗಳೂ ಇವೆ. ಜನ ನೆಚ್ಚಿ ಬಳಸುತ್ತಿದ್ದ ಪ್ರೋಗ್ರಾಮಿನಲ್ಲೇ ದೋಷ!

ಕನ್ನಡದ ವಿದ್ಯಾರ್ಥಿಗಳಿಗೆ ಈ ಬಗೆ ಹೊಸತೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನೂ ಇದ್ದ ಕಾವ್ಯಗಳನ್ನು ಲಕ್ಷ್ಯವಾಗಿಟ್ಟುಕೊಂಡೇ ಶಬ್ದಮಣಿದರ್ಪಣದ ಲಕ್ಷಣವನ್ನು ಕಟ್ಟಿದನು. ವಿನ್ಯಾಸಕಾರನ ಪಾಡು ಇದಕ್ಕೆ ವಿರುದ್ಧ: ಲಕ್ಷ್ಯವಿನ್ನೂ ಹುಟ್ಟುವ ಮೊದಲೇ ಲಕ್ಷಣವನ್ನು ಬರೆಯಬೇಕು. ಕಷ್ಟ ಅಲ್ಲಿಯೇ. ಪ್ರೋಗ್ರಾಮು ಲಕ್ಷಣಕ್ಕೆ ಹೊಂದುವುದೆಂದು ಯಂತ್ರ ಹೇಳೀತು. ಲಕ್ಷಣ ನಮ್ಮ ಮನಸ್ಸಿಗೆ ಹೊಂದುವುದೆಂದು ಅದು ಹೇಳಲಾರದು. ಝಡ್ ಬಲ್ಲವರು ಅದಕ್ಕಾಗಿಯೇ ಪ್ರತಿಯೊಂದು ಸೂತ್ರದ ಬದಿಯಲ್ಲಿ ಸರಳ ಗದ್ಯದಲ್ಲಿ ವಿವರಣೆ ಬರೆಯುವ ರೂಢಿ ಇಟ್ಟುಕೊಂಡಿದ್ದಾರೆ. ಕೇಶಿರಾಜನ ಸೂತ್ರಗಳ ಕೆಳಗೆ ವೃತ್ತಿ ಇರುವಂತೆಯೇ.