ಜಪಾನ್ ಗುನುಗಿದ ಹಾಡುಗಳು

ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ಮೊದಲು ಮನೆಮಾತಾದದ್ದು ಒಂದು ಸೇಬಿನ ಹಾಡು. ಶರಣಾಗತಿಯಾಗಿ ಎರಡು ತಿಂಗಳಾಗುವಷ್ಟರಲ್ಲಿ, 1945ರ ಅಕ್ಟೋಬರಿನಲ್ಲಿ, 'ಸೊಯೊಕಾಝೆ' ಎಂಬ ಚಲನಚಿತ್ರ ತೆರೆಕಂಡಿತು. ಅದರಲ್ಲಿ ಮಿಚಿಕೊ ನಾಮಿಕಿ ಹಾಡಿದ 'ರಿಂಗೋ ನೋ ಉತಾ' ಮುಂದಿನ ವರ್ಷ ಗ್ರಾಮಫೋನ್ ತಟ್ಟೆಯಾಗಿ ಬಂದು ಊರೂರು ಸುತ್ತಿತು. ಟೋಕಿಯೊ ಮೇಲೆ ಮಾರ್ಚ್‌ನಲ್ಲಿ ನಡೆದ ಬಾಂಬ್ ದಾಳಿಯಲ್ಲಿ ನಾಮಿಕಿ ತಮ್ಮ ತಾಯಿಯನ್ನು ಕಳೆದುಕೊಂಡಿದ್ದರು. ಹಾಚಿರೊ ಸಾಟೊ ಬರೆದ ಸಾಹಿತ್ಯದಲ್ಲಿ ಯುದ್ಧದ ಸುದ್ದಿಯಿಲ್ಲ, ಸೋಲಿನ ಮಾತಿಲ್ಲ. ಇರುವುದು ಒಂದು ಕೆಂಪು ಹಣ್ಣು ಮತ್ತು ನೀಲಿ ಆಕಾಶ. ಊಟಕ್ಕೇ ತತ್ವಾರವಾಗಿದ್ದ ಜನರಿಗೆ ಅಷ್ಟೇ ಸಾಕಾಯಿತು.

ಯುದ್ಧಕಾಲದಲ್ಲಿ ಶತ್ರುಗಳ ಸಂಗೀತವೆಂದು ನಿಷೇಧಕ್ಕೊಳಗಾಗಿದ್ದ ಜಾಝ್ ಕೂಡ ಬಹುಬೇಗ ಮರಳಿತು. ಸಂಯೋಜಕ ರ್‍ಯೊಯಿಚಿ ಹಟ್ಟೋರಿ ಅಮೆರಿಕದ ಬೂಗಿ ಲಯಕ್ಕೆ ಜಪಾನಿ ಮಾತು ಕೂಡಿಸಿದರು. ಶಿಝುಕೊ ಕಾಸಾಗಿ ವೇದಿಕೆಯ ತುಂಬ ಕುಣಿಯುತ್ತ ಹಾಡಿದ 'ಟೋಕಿಯೊ ಬೂಗಿವೂಗಿ' 1948ರಲ್ಲಿ ದೇಶವನ್ನೇ ಕುಣಿಸಿತು. ಕಾಸಾಗಿಯವರ ಹಾಡುಗಳನ್ನು ಅನುಕರಿಸುತ್ತ ರಂಗಕ್ಕೆ ಬಂದ ಬಾಲಕಿಯೊಬ್ಬಳು ಮುಂದೆ ಎಲ್ಲರನ್ನೂ ಮೀರಿಸಿದಳು. ಆಕೆಯೇ ಯೊಕೊಹಾಮಾದ ಮೀನಂಗಡಿಯವರ ಮಗಳು ಹಿಬಾರಿ ಮಿಸೋರಾ. 1949ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ, ಮೊದಲ ಧ್ವನಿಮುದ್ರಿಕೆ ಹೊರತಂದ ಹಿಬಾರಿ ಮುಂದಿನ ನಾಲ್ಕು ದಶಕ ಜಪಾನಿನ ಗಾಯನಲೋಕವನ್ನು ಆಳಿದರು.

ಆಗಿನ ವ್ಯವಸ್ಥೆಯೇ ಬೇರೆ. ಗೀತರಚನಕಾರರೂ ಸಂಯೋಜಕರೂ ಧ್ವನಿಮುದ್ರಣ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡು, ಆಯಾ ಸಂಸ್ಥೆಯ ಗಾಯಕರಿಗಷ್ಟೇ ಹಾಡು ಕಟ್ಟಿಕೊಡುತ್ತಿದ್ದರು. ಗಾಯಕರ ಮುಖ ಎಲ್ಲರಿಗೂ ಗೊತ್ತು; ಬರೆದವರು ತೆರೆಯ ಹಿಂದೆ. ಜಪಾನಿನ ಜನಪ್ರಿಯ ಗೀತೆಗಳನ್ನು ಅರಿಯಲು ಹೊರಟವರು ತೆರೆಯ ಹಿಂದಿನ ಈ ಹೆಸರುಗಳನ್ನು ಬಿಟ್ಟರೆ ಅರ್ಧ ಕಥೆಯನ್ನೇ ಬಿಟ್ಟಂತೆ.

ದೂರದರ್ಶನ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. 1961ರಲ್ಲಿ ಎನ್‌ಎಚ್‌ಕೆ ವಾಹಿನಿಯ ಕಾರ್ಯಕ್ರಮವೊಂದರಿಂದ ಮನೆಮನೆಗೆ ತಲುಪಿದ 'ಉಎ ಓ ಮುಯಿತೆ ಅರುಕೊ' ಇದಕ್ಕೆ ದೊಡ್ಡ ನಿದರ್ಶನ. ಬರೆದವರು ರೊಕುಸುಕೆ ಎಯ್, ಸ್ವರ ಹಾಕಿದವರು ಹಾಚಿದಾಯ್ ನಾಕಾಮುರಾ, ಹಾಡಿದವರು ಕ್ಯೂ ಸಾಕಾಮೋಟೊ. ರೊಕು ಎಂದರೆ ಆರು, ಹಾಚಿ ಎಂದರೆ ಎಂಟು, ಕ್ಯೂ ಎಂದರೆ ಒಂಬತ್ತು. ಹೀಗಾಗಿ ಈ ಮೂವರಿಗೆ 'ಆರು-ಎಂಟು-ಒಂಬತ್ತು' ತ್ರಿವಳಿಯೆಂದೇ ಹೆಸರಾಯಿತು. ಕಣ್ಣೀರು ಉದುರದಿರಲೆಂದು ತಲೆಯೆತ್ತಿ ನಡೆಯುವ ಒಂಟಿ ಮನುಷ್ಯನ ಹಾಡು ಇದು. ಮೇಲ್ನೋಟಕ್ಕೆ ಪ್ರೇಮಭಂಗದ ಗೀತೆ. ಆದರೆ ಇದರ ಹಿಂದಿದ್ದದ್ದು, ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ವಿರುದ್ಧ 1960ರಲ್ಲಿ ನಡೆದ ಭಾರಿ ಚಳವಳಿ ಸೋತಾಗ ಎಯ್ ಅವರಿಗಾದ ಹತಾಶೆ. ಎಲ್ವಿಸ್ ಪ್ರೀಸ್ಲಿಯ ಅಭಿಮಾನಿಯಾಗಿದ್ದ ಸಾಕಾಮೋಟೊ ಅಕ್ಷರಗಳನ್ನು ಎಳೆದು, ತುಂಡರಿಸಿ, ಬಿಕ್ಕಿದಂತೆ ಹಾಡಿದರು. ನಡುವೆ ಮಾತು ನಿಂತು ಸಿಳ್ಳೆಯೊಂದೇ ಉಳಿಯುತ್ತದೆ. ದುಃಖವನ್ನು ಇಷ್ಟು ಹಗುರವಾದ ನಡೆಯಲ್ಲಿ ಹೇಳಿದ ಹಾಡುಗಳು ಯಾವ ಭಾಷೆಯಲ್ಲೂ ವಿರಳ.

ವಿದೇಶಗಳಲ್ಲಿ ಇದನ್ನು 'ಸುಕಿಯಾಕಿ' ಎಂಬ ಹೆಸರಿನಲ್ಲಿ ಮಾರಿದರು. ಅದು ಮಾಂಸ, ತರಕಾರಿ ಬೇಯಿಸುವ ಒಂದು ಅಡುಗೆ. ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹಾಗಿದ್ದೂ 1963ರ ಜೂನ್‌ನಲ್ಲಿ ಈ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಜಪಾನಿ ಭಾಷೆಯ ಹಾಡೊಂದು ಆ ಸ್ಥಾನಕ್ಕೇರಿದ್ದು ಅದೇ ಮೊದಲು. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್ ವಿಮಾನವೊಂದು ಪರ್ವತಕ್ಕೆ ಅಪ್ಪಳಿಸಿ 520 ಜನ ಸತ್ತರು. ಅವರಲ್ಲಿ 43 ವರ್ಷದ ಸಾಕಾಮೋಟೊ ಕೂಡ ಒಬ್ಬರು.

ಅರವತ್ತರ ದಶಕದಲ್ಲೇ 'ಎಂಕಾ' ಎಂಬ ಪ್ರಕಾರ ತನ್ನದೇ ರೂಪ ಪಡೆಯಿತು. ಬಂದರು, ಮಳೆ, ಮದ್ಯ, ಬಿಟ್ಟುಬಂದ ಊರು, ಕೈತಪ್ಪಿದ ಪ್ರೀತಿ ಇವೇ ಎಂಕಾದ ವಸ್ತುಗಳು. ಈ ಹಾಡುಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಐದು ಸ್ವರಗಳ ಒಂದು ಶ್ರೇಣಿ ಮಧ್ಯಮ, ನಿಷಾದಗಳನ್ನು ಬಿಡುತ್ತದೆ. ಅವು ನಮ್ಮ ಮೋಹನ ರಾಗದ ಸ್ವರಗಳೇ. ಸ್ವರವನ್ನು ನಡುಗಿಸಿ, ಬಳುಕಿಸಿ ಹಾಡುವ 'ಕೊಬುಶಿ' ಎಂಬ ಅಲಂಕಾರ ಗಮಕಕ್ಕೆ ಒಗ್ಗಿದ ಕಿವಿಗೆ ಅಪರಿಚಿತವೆನಿಸದು.

ಎಂಕಾದ ಶಕ್ತಿಯೇನೆಂದು ತಿಳಿಯಲು ಸಯೂರಿ ಇಶಿಕಾವಾ 1977ರಲ್ಲಿ ಹಾಡಿದ 'ತ್ಸುಗರು ಕಾಯ್ಕ್ಯೊ ಫುಯುಗೆಶಿಕಿ' ಒಂದನ್ನು ಕೇಳಿದರೂ ಸಾಕು. ಟೋಕಿಯೊದ ಉಎನೊ ನಿಲ್ದಾಣದಿಂದ ರಾತ್ರಿ ರೈಲು ಹೊರಡುತ್ತದೆ. ಅದು ಉತ್ತರದ ಆಓಮೊರಿ ತಲುಪುವಾಗ ಹಿಮ ಸುರಿಯುತ್ತಿದೆ. ಪ್ರಯಾಣಿಕರು ಮಾತಿಲ್ಲದೆ ಹಡಗಿನತ್ತ ನಡೆಯುತ್ತಾರೆ, ಅವರ ನಡುವೆ ಸಂಬಂಧ ಕಡಿದುಕೊಂಡು ಒಬ್ಬಳೇ ಹಿಂತಿರುಗುತ್ತಿರುವ ಹೆಣ್ಣು. ಅವಳಿಗೇನಾಯಿತೆಂದು ಹಾಡು ವಿವರಿಸುವುದಿಲ್ಲ. ಕಡಲು, ಚಳಿ, ಹಕ್ಕಿಗಳನ್ನು ತೋರಿಸಿ ಉಳಿದದ್ದನ್ನು ಕೇಳುಗರಿಗೆ ಬಿಡುತ್ತದೆ. ದುಡಿಮೆಗಾಗಿ ಉತ್ತರದ ಹಳ್ಳಿಗಳಿಂದ ಟೋಕಿಯೊಗೆ ಬಂದಿದ್ದ ಲಕ್ಷಾಂತರ ಜನರಿಗೆ ಆ ರೈಲು, ಆ ಹಡಗು ಎರಡೂ ಗೊತ್ತಿದ್ದವು. 1988ರಲ್ಲಿ ಕಡಲಡಿಯ ಸೇಯ್ಕಾನ್ ಸುರಂಗ ತೆರೆದಾಗ ಆ ಹಡಗು ಸಂಚಾರ ನಿಂತಿತು.

ಈ ಹಾಡು ಬರೆದ ಯೂ ಅಕು ಅವರೇ ಅದೇ ವರ್ಷ 'ಯುಎಫ್‌ಒ' ಎಂಬ ಹಾಡನ್ನೂ ಬರೆದರು. ಪಿಂಕ್ ಲೇಡಿ ಎಂಬ ಇಬ್ಬರು ಯುವತಿಯರ ಜೋಡಿ ಮಿನುಗುವ ಉಡುಪಿನಲ್ಲಿ ಹಾಡಿ ಕುಣಿದ, ಅನ್ಯಗ್ರಹದ ಪ್ರೇಮಿಯ ಕುರಿತ ಹಾಡು ಅದು. ಶಾಲಾಮಕ್ಕಳು ಅದರ ಕೈಸನ್ನೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. 1978ರ ಜಪಾನ್ ರೆಕಾರ್ಡ್ ಪ್ರಶಸ್ತಿಯೂ ಅದಕ್ಕೇ ಬಂತು.

ಹೊಸಬರನ್ನು ಹುಡುಕುವ 'ಸ್ಟಾರ್ ತಾಂಜೊ' ಎಂಬ ಟಿ.ವಿ. ಸ್ಪರ್ಧೆಯಿಂದ ಪಿಂಕ್ ಲೇಡಿ ಬೆಳಕಿಗೆ ಬಂದಿತ್ತು. ಮೊಮೊಎ ಯಾಮಾಗುಚಿ ಬಂದದ್ದೂ ಅಲ್ಲಿಂದಲೇ. 1973ರಲ್ಲಿ ಹದಿನಾಲ್ಕರ ಹುಡುಗಿಯಾಗಿ ಹಾಡತೊಡಗಿದ ಮೊಮೊಎ, ಯೊಕೊ ಆಕಿ ಮತ್ತು ರ್‍ಯೂದೊ ಉಝಾಕಿ ದಂಪತಿ ರಚಿಸಿದ ಹಾಡುಗಳಲ್ಲಿ ಗಂಭೀರವಾದ, ಸ್ವಾಭಿಮಾನಿ ಹೆಣ್ಣಿನ ದನಿಯಾದರು. ಖ್ಯಾತಿಯ ತುದಿಯಲ್ಲಿದ್ದಾಗಲೇ, 21ನೇ ವಯಸ್ಸಿನಲ್ಲಿ, ಮದುವೆಗಾಗಿ ಗಾಯನ ಬಿಟ್ಟರು. 1980ರ ಅಕ್ಟೋಬರ್ 5ರಂದು ಬುದೊಕಾನ್ ಸಭಾಂಗಣದ ಕೊನೆಯ ಕಛೇರಿಯಲ್ಲಿ ಮೈಕನ್ನು ವೇದಿಕೆಯ ನೆಲದ ಮೇಲಿಟ್ಟು ಹಿಂದೆ ಸರಿದವರು ಮತ್ತೆಂದೂ ಆ ಲೋಕಕ್ಕೆ ಬರಲಿಲ್ಲ.

ಇನ್ನೊಂದೆಡೆ, ರಾಕ್ ಸಂಗೀತವನ್ನು ಜಪಾನಿ ಭಾಷೆಯಲ್ಲಿ ಹಾಡಲು ಬರುತ್ತದೆಯೇ ಎಂಬ ವಾದ ಎದ್ದಿತ್ತು. ಹ್ಯಾಪಿ ಎಂಡ್ ತಂಡ 1971ರ 'ಕಾಝೆಮಾಚಿ ರೋಮನ್' ಆಲ್ಬಮ್‌ನಲ್ಲಿ ಅದಕ್ಕೆ ಹಾಡಿಯೇ ಉತ್ತರ ಕೊಟ್ಟಿತು. ಆ ತಂಡ ಬೇಗನೆ ಒಡೆಯಿತಾದರೂ ಅದರ ನಾಲ್ವರು ಮುಂದಿನ ದಶಕದ ಸಂಗೀತಕ್ಕೆ ಅಡಿಪಾಯವಾದರು. ಡ್ರಮ್ ಬಾರಿಸುತ್ತಿದ್ದ ತಾಕಾಶಿ ಮಾತ್ಸುಮೊಟೊ ಎಂಬತ್ತರ ದಶಕದ ಮುಖ್ಯ ಗೀತರಚನಕಾರರಾಗಿ, ತಾರೆ ಸೇಯ್ಕೊ ಮಾತ್ಸುದಾಗೆ ಹಾಡು ಬರೆದರು. ಹಾರುಓಮಿ ಹೊಸೊನೊ 1978ರಲ್ಲಿ ರ್‍ಯೂಯಿಚಿ ಸಾಕಾಮೋಟೊ ಮತ್ತು ಯುಕಿಹಿರೊ ತಾಕಾಹಾಶಿ ಜೊತೆ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿ ಸಿಂಥಸೈಜರ್ ಸಂಗೀತವನ್ನು ಜಗತ್ತಿಗೆ ಕೇಳಿಸಿದರು. ಏಯ್ಚಿ ಒತಾಕಿ 1981ರಲ್ಲಿ 'ಎ ಲಾಂಗ್ ವೆಕೇಷನ್' ತಂದರು. ಬರೆಯುವುದು, ಸ್ವರ ಹಾಕುವುದು, ಹಾಡುವುದು ಮೂರನ್ನೂ ಒಬ್ಬರೇ ಮಾಡುವ ಯುಮಿ ಮಾತ್ಸುತೊಯಾ ಅಂಥವರೂ ಈಗ ಮುಂಚೂಣಿಗೆ ಬಂದಿದ್ದರು.

ಕೈಯಲ್ಲಿ ಹಣ, ಕಾರಿನಲ್ಲಿ ಸ್ಟೀರಿಯೊ, 1979ರಲ್ಲಿ ಬಂದ ವಾಕ್‌ಮನ್. ಇವೆಲ್ಲ ಸೇರಿದ ನಗರಜೀವನಕ್ಕೆ ತಕ್ಕಂತೆ ಬೆಳೆದದ್ದು 'ಸಿಟಿ ಪಾಪ್'. ತತ್ಸುರೊ ಯಾಮಾಶಿತಾ ಅವರ 'ಫಾರ್ ಯು', ಅವರೇ ನಿರ್ಮಿಸಿದ ಪತ್ನಿ ಮರಿಯಾ ತಾಕೆಉಚಿಯವರ 'ಪ್ಲಾಸ್ಟಿಕ್ ಲವ್' ಇದರ ಶ್ರೇಷ್ಠ ಫಲಗಳು. ನುಣುಪಾದ ಗಿಟಾರ್, ಒಂದಿನಿತೂ ಲೋಪವಿಲ್ಲದ ಧ್ವನಿಮುದ್ರಣ, ಅದರಡಿಯಲ್ಲಿ ನಿದ್ದೆ ಬಾರದ ಊರಿನ ಒಂಟಿತನ.

1989ರ ಜನವರಿಯಲ್ಲಿ ಹಿಬಾರಿ ಮಿಸೋರಾ ಅವರ 'ಕಾವಾ ನೊ ನಗಾರೆ ನೊ ಯೋ ನಿ' ಬಂತು. ಬದುಕನ್ನು ನದಿಯ ಹರಿವಾಗಿ ಕಾಣುವ ಈ ಗೀತೆ ಬರೆದವರು ಯಾಸುಶಿ ಆಕಿಮೊಟೊ. ಮುಂದೆ ಎಕೆಬಿ48 ಎಂಬ ಯುವತಿಯರ ದೊಡ್ಡ ತಂಡ ಕಟ್ಟಿದವರೂ ಅವರೇ. 1989ರ ಜೂನ್‌ನಲ್ಲೇ, 52ನೇ ವಯಸ್ಸಿನಲ್ಲಿ, ಹಿಬಾರಿ ತೀರಿಕೊಂಡರು.

ತೊಂಬತ್ತರ ದಶಕದಲ್ಲಿ 'ಜೆ-ಪಾಪ್' ಎಂಬ ಹೆಸರು ರೂಢಿಗೆ ಬಂತು. ನಿರ್ಮಾಪಕ ತೆತ್ಸುಯಾ ಕೊಮುರೊ, ಅವರ ಹಾಡುಗಳಿಂದ ಮೆರೆದ ನಾಮಿಎ ಅಮುರೊ ಇಂಥವರ ಹಾಡುಗಳು ಲಕ್ಷಗಟ್ಟಲೆ ಬಿಕರಿಯಾದವು. 1998ರಲ್ಲಿ ಜಪಾನಿನ ಸಿ.ಡಿ. ಉತ್ಪಾದನೆ ತುತ್ತತುದಿ ಮುಟ್ಟಿತು. ಆ ವರ್ಷದ ಡಿಸೆಂಬರ್‌ನಲ್ಲೇ ಹದಿನೈದರ ಹುಡುಗಿ ಹಿಕಾರು ಉತಾದಾ 'ಆಟೊಮ್ಯಾಟಿಕ್' ಹಾಡಿನೊಂದಿಗೆ ಬಂದರು. ಅವರ ತಾಯಿ ಕೇಯ್ಕೊ ಫುಜಿ 1970ರ ಸುಮಾರಿಗೆ ಹೆಸರಾಗಿದ್ದ ಎಂಕಾ ಗಾಯಕಿ. ಮಗಳು ತಾನೇ ಬರೆದು, ತಾನೇ ಸ್ವರ ಹಾಕಿ ಹಾಡಿದ 1999ರ 'ಫಸ್ಟ್ ಲವ್' ಆಲ್ಬಮ್ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಗಿ, ಜಪಾನಿನಲ್ಲಿ ಈವರೆಗೆ ಅತಿ ಹೆಚ್ಚು ಮಾರಿಹೋದ ಆಲ್ಬಮ್ ಎನಿಸಿದೆ.

ಆಮೇಲೆ ಸಿ.ಡಿ. ಇಳಿಮುಖವಾಯಿತು, ಆದರೆ ಹಳೆಯ ಹಾಡುಗಳಿಗೆ ಅಂತರ್ಜಾಲದಲ್ಲಿ ಹೊಸ ಕೇಳುಗರು ಸಿಕ್ಕರು. 'ಪ್ಲಾಸ್ಟಿಕ್ ಲವ್' 2017ರ ನಂತರ ಯೂಟ್ಯೂಬಿನಲ್ಲಿ ಜಗತ್ತಿನಾದ್ಯಂತ ಹರಡಿತು. ಮಿಕಿ ಮಾತ್ಸುಬಾರಾ 1979ರಲ್ಲಿ ಹಾಡಿದ 'ಮಾಯೊನಾಕಾ ನೊ ಡೋರ್' 2020ರಲ್ಲಿ ಹಲವು ದೇಶಗಳ ಪಟ್ಟಿಗಳಿಗೆ ಏರಿತು. 44ನೇ ವಯಸ್ಸಿನಲ್ಲಿ 2004ರಲ್ಲೇ ತೀರಿಕೊಂಡಿದ್ದ ಗಾಯಕಿಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ. 'ಪ್ಲಾಸ್ಟಿಕ್ ಲವ್'ಗೆ ಮಾತ್ರ, ಹಾಡು ಬಂದ ಮೂರೂವರೆ ದಶಕಗಳ ಮೇಲೆ, ವಾರ್ನರ್ ಮ್ಯೂಸಿಕ್ ಜಪಾನ್ ಅಧಿಕೃತ ವಿಡಿಯೊ ಮಾಡಿಸಿತು.