ತೊಗರಿಯ ಸೊರಗು ರೋಗ: ತಳಿಗಳಿಗೊಂದು ಪರೀಕ್ಷೆ

ಕಲಬುರಗಿ ಜಿಲ್ಲೆ ತೊಗರಿಯ ಕಣಜವೆಂದೇ ಹೆಸರಾಗಿದೆ. ನಂದೂರ, ಕಮಲಾಪುರದ ಕಡೆಯ ಶಾಲೆಗಳ ಮಕ್ಕಳಿಗೆ ತೊಗರಿ ಹೊಲ ಹೊಸದೇನಲ್ಲ. ಹೂವು, ಕಾಯಿ ಬಿಡುವ ಹೊತ್ತಿಗೆ ಕೆಲವು ಗಿಡಗಳು ಬಾಡಿ ನಿಂತಲ್ಲೇ ಒಣಗುವುದನ್ನು ನೀವೂ ಗಮನಿಸಿರಬಹುದು. ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ. ಇದೇ ಸೊರಗು ರೋಗ; ಈ ಭಾಗದ ರೈತರ ಮಾತಿನಲ್ಲಿ ನೆಟೆ ರೋಗ. 2022ರ ಹಂಗಾಮಿನಲ್ಲಿ ನೆಟೆಯಿಂದ ಎಷ್ಟು ಬೆಳೆ ಹಾಳಾಯಿತೆಂದರೆ, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಒಂದೇ ಬೆಳೆ ನೆಚ್ಚಿದ ಸಣ್ಣ ರೈತನಿಗೆ ಇದು ಇಡೀ ವರ್ಷದ ನಷ್ಟ.

ರೋಗಕ್ಕೆ ಕಾರಣವೇನು?

ಸೊರಗು ರೋಗ ತರುವುದು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಇದು ಬೇರಿನ ಮೂಲಕ ಒಳಹೊಕ್ಕು ಕ್ಸೈಲಂ ನಾಳಗಳಲ್ಲಿ ಬೆಳೆಯುತ್ತದೆ. ನಾಳ ಕಟ್ಟಿಕೊಂಡಾಗ ನೀರು ಮೇಲೇರದು. ರೋಗ ತಗುಲಿದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ: ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಕಾಣುತ್ತವೆ. ಬೆಳೆ ಕೊಯ್ದ ಮೇಲೂ ಶಿಲೀಂಧ್ರ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊಲದ ಮಣ್ಣಿಗೆಲ್ಲ ಔಷಧಿ ಹಾಕುವುದು ಸಾಧ್ಯವಲ್ಲ. ಆದ್ದರಿಂದಲೇ ರೋಗ ತಡೆಯುವ ತಳಿಗೆ ಇಷ್ಟು ಮಹತ್ವ.

ಮೊದಲ ಪರೀಕ್ಷೆ

ತಳಿಯೊಂದು ರೋಗ ತಡೆಯುತ್ತದೆಂದು ತಿಳಿಯುವುದು ಹೇಗೆ? ವಿಜ್ಞಾನಿಗಳು ಬೇಕೆಂದೇ ರೋಗ ತುಂಬಿದ ತಾಕನ್ನು ಸಿದ್ಧಮಾಡುತ್ತಾರೆ. ಸೊರಗಿದ ಗಿಡಗಳ ಚೂರುಗಳನ್ನು ಮಣ್ಣಿಗೆ ಸೇರಿಸಿ, ಬೇಗ ರೋಗ ತಗಲುವ ತಳಿಯನ್ನೇ ಮತ್ತೆ ಮತ್ತೆ ಬೆಳೆಯುತ್ತಾರೆ. ಬಳಿಕ ಹೊಸ ತಳಿಗಳನ್ನು ಬಿತ್ತಿ, ನಡುನಡುವೆ ಐ.ಸಿ.ಪಿ. 2376 ಎಂಬ ರೋಗಪೀಡಿತ ತಳಿಯ ಸಾಲುಗಳನ್ನು ಹಾಕುತ್ತಾರೆ. ಇದೇ ಹೋಲಿಕೆಯ ಸಾಲು.

ಈ ಸಾಲು ಏಕೆ ಬೇಕು? ಹೊಸ ತಳಿಯ 200 ಗಿಡಗಳಲ್ಲಿ 10 ಸೊರಗಿದವು ಎಂದುಕೊಳ್ಳೋಣ, ಅಂದರೆ ಶೇ. 5. ಪಕ್ಕದ ಹೋಲಿಕೆ ಸಾಲಿನಲ್ಲಿ ಶೇ. 90 ಸೊರಗಿದ್ದರೆ ಹೊಸ ತಳಿ ಗೆದ್ದಿತು. ಅಲ್ಲಿಯೂ ಶೇ. 5 ಮಾತ್ರ ಸೊರಗಿದ್ದರೆ? ಆ ಮಣ್ಣಿನಲ್ಲಿ ರೋಗವೇ ಕಡಿಮೆ ಇತ್ತು. ಪರೀಕ್ಷೆ ಏನನ್ನೂ ಹೇಳಲಿಲ್ಲ.

ಒಂದು ರೋಗ ಗೆದ್ದರೆ ಸಾಲದು

ಹೈದರಾಬಾದ್ ಬಳಿಯ ಪಟಂಚೇರುವಿನ ಇಕ್ರಿಸ್ಯಾಟ್ ಸಂಸ್ಥೆ ಇಂಥ ಪರೀಕ್ಷೆಗಳಿಂದ ಆರಿಸಿದ ಐ.ಸಿ.ಪಿ. 8863, 1980ರ ದಶಕದಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಉತ್ತರ ಕರ್ನಾಟಕದ ಹೊಲಗಳಿಗೆ ಬಂತು. ಅದು ಸೊರಗು ರೋಗವನ್ನು ಚೆನ್ನಾಗಿ ತಡೆಯಿತು. ಆದರೆ ನುಸಿಯಿಂದ ಹರಡುವ, ವೈರಸ್ ತರುವ ಗೊಡ್ಡು ರೋಗಕ್ಕೆ ಸುಲಭವಾಗಿ ಬಲಿಯಾಗುತ್ತದೆ. 1993ರಲ್ಲಿ ಬಿಡುಗಡೆಯಾದ 'ಆಶಾ' ಎರಡಕ್ಕೂ ನಿರೋಧಕವೆನಿಸಿತು. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಟಿ.ಎಸ್. 3ಆರ್, ಜಿ.ಆರ್.ಜಿ. 811 ತಳಿಗಳು ಬಂದವು.

ರೋಗಾಣುಗಳಲ್ಲೂ ಪ್ರಭೇದಗಳಿವೆ. ಬೆಂಗಳೂರಿನ ಗೊಡ್ಡು ರೋಗದ ವೈರಸ್ ಪಟಂಚೇರುವಿನದಕ್ಕಿಂತ ಉಗ್ರ. ಹಾಗಾಗಿ ಒಂದು ಊರಿನ ಫಲಿತಾಂಶ ಎಲ್ಲ ಊರಿಗೂ ಸಲ್ಲದು. ಹಲವು ಕಡೆ, ಹಲವು ವರ್ಷ ಪರೀಕ್ಷಿಸಬೇಕು.

ರೈತರ ಹೊಲದಲ್ಲಿ

ಕೊನೆಯ ಪರೀಕ್ಷೆ ರೈತರ ಹೊಲದಲ್ಲೇ. ಒಂದೇ ಹೊಲದ ಎರಡು ಭಾಗಗಳಲ್ಲಿ ಹಳೆಯ ಮತ್ತು ಹೊಸ ತಳಿಯನ್ನು ಒಂದೇ ದಿನ, ಒಂದೇ ಅಂತರದಲ್ಲಿ ಬಿತ್ತಬೇಕು. ಹಲವು ರೈತರ ಹೊಲಗಳಲ್ಲಿ ಹೀಗೆ ಮಾಡಿದಾಗ ಫಲಿತಾಂಶ ಆಕಸ್ಮಿಕವಲ್ಲವೆಂದು ತಿಳಿಯುತ್ತದೆ. ಸೊರಗಿದ ಗಿಡಗಳ ಎಣಿಕೆಯ ಜೊತೆಗೆ ಇಳುವರಿ, ಮಾಗುವ ಅವಧಿ, ಬೇಳೆಯ ಗುಣವನ್ನೂ ನೋಡಬೇಕು. ಒಣಗಿದ ಗಿಡವೆಲ್ಲ ಸೊರಗು ರೋಗದ್ದಲ್ಲ ಎಂಬುದನ್ನೂ ನೆನಪಿಡಿ. ಒಣ ಬೇರು ಕೊಳೆ ರೋಗವೂ ಹೀಗೆಯೇ ಗಿಡವನ್ನು ಒಣಗಿಸುತ್ತದೆ.

ನಿರೋಧಕ ತಳಿ ಸಿಕ್ಕಿತೆಂದು ಕೈಕಟ್ಟಿ ಕೂರುವಂತಿಲ್ಲ. ಜೇನುನೊಣಗಳಿಂದ ತೊಗರಿಯಲ್ಲಿ ಪರಕೀಯ ಪರಾಗಸ್ಪರ್ಶವೂ ನಡೆಯುವುದರಿಂದ, ಮನೆಯಲ್ಲಿ ಉಳಿಸಿಕೊಂಡ ಬೀಜದ ಗುಣ ಬೆರೆತುಹೋಗಬಹುದು. ಆಗಾಗ್ಗೆ ಶುದ್ಧ ಬೀಜ ತರಬೇಕು. ಜೋಳದಂಥ ಬೆಳೆಯೊಡನೆ ಬೆಳೆ ಬದಲಾವಣೆಯನ್ನೂ ಮಾಡಬೇಕು. ನಿಮ್ಮೂರಿನ ಹೊಲದಲ್ಲಿ ನೂರು ಗಿಡ ಎಣಿಸಿ, ಸೊರಗಿದವು ಎಷ್ಟೆಂದು ಈ ವರ್ಷ ಬರೆದಿಡಿ. ಮುಂದಿನ ತೊಗರಿಗೆ ಅದೇ ನಿಮ್ಮ ಹೋಲಿಕೆಯ ಸಾಲು.