ಹಳಿ ಉಳಿದರೆ ಸಾಲದು, ಕೈಗಳೂ ಉಳಿಯಬೇಕು

ಕಳೆದ ಬೇಸಿಗೆಯಲ್ಲಿ ನೆರೆಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಶಿವಮೊಗ್ಗದಿಂದ ಅರಸಾಳಿಗೆ ಹೋಗಿದ್ದೆ. ಮೀಟರ್‌ಗೇಜ್ ಕಾಲದಲ್ಲಿ ಉಗಿ ಎಂಜಿನ್ನಿನ ಫೈರ್‌ಮನ್ ಆಗಿ ದುಡಿದವರು ಅವರು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿದ ಅಲ್ಲಿನ ಹಳೆಯ ನಿಲ್ದಾಣ, ಬ್ರಾಡ್‌ಗೇಜ್ ಬಂದ ಮೇಲೆ ಪಾಳು ಬಿದ್ದಿತ್ತು. ನೈರುತ್ಯ ರೈಲ್ವೆ ಅದನ್ನು ದುರಸ್ತಿಗೊಳಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿಸಿತು. ಧಾರಾವಾಹಿಯ ಕಲಾನಿರ್ದೇಶನದಲ್ಲಿದ್ದ ಜಾನ್ ದೇವರಾಜ್ ಅವರೇ ಅದಕ್ಕೆ ರೂಪ ಕೊಟ್ಟರು. ಹಿರಿಯರು ಎಲ್ಲವನ್ನೂ ಮೆಚ್ಚಿದರು. ಹಳೆಯ ಬೋಗಿಯ ಚಹಾದಂಗಡಿಯಲ್ಲಿ ಕುಳಿತಾಗ ಮಾತ್ರ, ‘ಡಬ್ಬಿ ಇದೆ, ಎಳೆಯೋರು ಯಾರು ಮಾರಾಯ್ರೆ?’ ಎಂದರು.

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮಲೆನಾಡಿಗೂ ರೈಲಿಗೂ ನಂಟು ಹಳೆಯದು. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು ಬಂದದ್ದು 1899ರಲ್ಲಿ. ಅದಕ್ಕಿಂತ ಕಿರಿದಾದ, ಎರಡೇ ಅಡಿ ಅಗಲದ ಹಳಿಯೊಂದು ತರೀಕೆರೆಯಿಂದ ಕಾಡಿನ ನಡುವೆ ಎಡೇಹಳ್ಳಿಗೆ ಸಾಗುತ್ತಿತ್ತು. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಭೇಟಿಯ ನೆನಪಿಗೆ ಎಡೇಹಳ್ಳಿ ನರಸಿಂಹರಾಜಪುರವಾಯಿತು. ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿದಾಗ ಕುಲುಮೆಯ ಹಸಿವು ನೀಗಿಸಿದ್ದು ಇದ್ದಿಲು. ಅದಕ್ಕೆ ಬೇಕಾದ ಸೌದೆ ಕಾಡಿನಿಂದ ಬರುತ್ತಿದ್ದುದೂ ಟ್ರಾಂ ಹಳಿಗಳ ಮೇಲೆಯೇ. ಅವು ಇಂದು ಇಲ್ಲ. ಗುರುತು ಹೇಳಬಲ್ಲವರೂ ವಿರಳ.

ಪರಿಸ್ಥಿತಿ ಹೀಗೆಯೇ ಇರಬೇಕಿಲ್ಲ. ವೇಲ್ಸ್‌ನಲ್ಲಿ ಕಲ್ಲುಗಣಿಯ ಹಲಗೆಗಲ್ಲು ಸಾಗಿಸಲು 1860ರ ದಶಕದಲ್ಲಿ ಹಾಕಿದ ಟ್ಯಾಲಿಥ್ಲಿನ್ ಎಂಬ ಸುಮಾರು 12 ಕಿಲೋಮೀಟರ್‌ಗಳ ಕಿರುಹಳಿಯಿದೆ. 1950ರಲ್ಲಿ ಮಾಲೀಕರು ತೀರಿಕೊಂಡಾಗ ಅದು ಮುಚ್ಚುವುದು ಖಚಿತವೆನಿಸಿತ್ತು. ಆಗ ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತು ಸಂಗಡಿಗರು ಸಂಘ ಕಟ್ಟಿ, 1951ರಲ್ಲಿ ತಾವೇ ರೈಲು ಓಡಿಸಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಎಂಬ ಹೆಗ್ಗಳಿಕೆ ಅದರದು. ಅದು ಇಂದಿಗೂ ಓಡುತ್ತಿದೆ. ಇಂಥ ಹಳಿಗಳಲ್ಲಿ ಬಂದವರು ಮೊದಲು ಎಂಜಿನ್ ಒರೆಸುತ್ತಾರೆ, ಬಳಿಕ ಕಲ್ಲಿದ್ದಲು ಹಾಕುತ್ತಾರೆ, ವರ್ಷಗಳ ನಂತರ ಚಾಲಕರಾಗುತ್ತಾರೆ. ಅಲ್ಲಿ ಉಳಿದದ್ದು ಕಬ್ಬಿಣ ಮಾತ್ರವಲ್ಲ, ಕಸುಬೂ ಕೂಡ.

ನಮ್ಮಲ್ಲಿ ಕಳೆದುಹೋಗುತ್ತಿರುವುದು ಆ ಕಸುಬೇ. ತಣ್ಣಗಿರುವ ಬಾಯ್ಲರಿನಲ್ಲಿ ಉಗಿ ಏಳಿಸಲು ಗಂಟೆಗಟ್ಟಲೆ ಬೇಕು. ಬೆಂಕಿ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಆಗದಂತೆ ಸಲಿಕೆಯಿಂದ ಹರಡಬೇಕು. ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟದ ಮೇಲೆ ಸದಾ ಕಣ್ಣಿರಬೇಕು. ನೀರು ತೀರಾ ಇಳಿದರೆ ಅಪಾಯ. ನಮ್ಮ ಹಿರಿಯರು ಹೊಗೆಯ ಬಣ್ಣ ನೋಡಿಯೇ ಬೆಂಕಿಯ ಹದ ಹೇಳಬಲ್ಲವರು. ಈ ತಿಳಿವಳಿಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು.

ಕಾನೂನು, ಸುರಕ್ಷತೆ, ವೆಚ್ಚಗಳ ತೊಡಕು ಸಣ್ಣದಲ್ಲವೆಂದು ಬಲ್ಲೆ. ಪ್ರಯಾಣಿಕರ ರೈಲನ್ನು ಯಾರೆಂದರೆ ಅವರು ಓಡಿಸುವಂತಿಲ್ಲ, ಓಡಿಸಲೂಬಾರದು. ಆದರೆ ಹರಿಯಾಣದ ರೇವಾರಿಯ ಶೆಡ್ಡಿನಲ್ಲಿ ರೈಲ್ವೆಯೇ ಹಳೆಯ ಉಗಿ ಎಂಜಿನ್‌ಗಳನ್ನು ಓಡುವ ಸ್ಥಿತಿಯಲ್ಲಿ ಕಾಪಾಡಿದೆ. ನಂದಿ ಹಾಲ್ಟ್‌ನ ಹಳೆಯ ನಿಲ್ದಾಣಕ್ಕೆ ಇಂಟ್ಯಾಕ್ ಜೀವ ತುಂಬಿದೆ. ಹೀಗಿರುವಾಗ ಭದ್ರಾವತಿಯಲ್ಲಿ ಒಂದೇ ಕಿಲೋಮೀಟರ್ ಕಿರುಹಳಿ ಹಾಕಿ, ನುರಿತವರ ಉಸ್ತುವಾರಿಯಲ್ಲಿ ಊರಿನವರೇ ಅದನ್ನು ನಡೆಸುವುದು ಅಸಾಧ್ಯವೇ? 2023ರಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದಾಗ ಬೀದಿಗಿಳಿದ ಊರು ಅದು. ಲೇತ್ ಹಿಡಿದ, ಎರಕ ಹೊಯ್ದ, ಬಾಯ್ಲರ್ ಕಾದ ಕೈಗಳು ಅಲ್ಲಿ ಮನೆಮನೆಯಲ್ಲಿವೆ. ಕಲಿಯಬೇಕಾದ ಐಟಿಐ ಹುಡುಗರೂ ಅಲ್ಲೇ ಇದ್ದಾರೆ.

ಹಳಿ ಹಾಕಲು ಹಣ ಒದಗುವವರೆಗೆ ಕಾಯಬಹುದು. ಬಲ್ಲವರ ಮಾತನ್ನು ದಾಖಲಿಸಲು ಕಾಯುವಂತಿಲ್ಲ. ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳು ಒಂದು ಧ್ವನಿಮುದ್ರಣ ಯಂತ್ರ ಹಿಡಿದು ಈ ತಿಂಗಳೇ ಅದನ್ನು ಆರಂಭಿಸಬಹುದು. ನಮ್ಮ ಹಿರಿಯರಿಗೆ ಈಗ 80 ದಾಟಿದೆ. ಹೇಳಲು ಅವರು ಸಿದ್ಧರಿದ್ದಾರೆ, ಕೇಳಲು ಇನ್ನೂ ಯಾರೂ ಬಂದಿಲ್ಲ.